ನಾಲವಾರಕ್ಕೆ ಮುಟ್ಟದ ‘ಬರ್ತೀನಿ’

೧
ಕೆಟ್ಟ ಫೋನಿನ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು, ನೀವೇ ಹೇಳಿ. ಫೋನಿನಿಂದಲೇ ಶುರು ಮಾಡಿದರೆ ಅದು ದೂರು ಅರ್ಜಿಯಾಗುತ್ತದೆ. ಶಹಾಬಾದಿನ ಬಿಸಿಲಿನಿಂದ ಶುರು ಮಾಡಿದ್ದೆ. ಪುಟ ತಿರುಗಿದರೂ ಬಿಸಿಲು ಇಳಿಯಲಿಲ್ಲ, ಹರಿದು ಹಾಕಿದೆ. ಜಗಳದಿಂದ ಶುರು ಮಾಡುತ್ತೇನೆ. ಜಗಳ ಅಂದರೆ ನೀವು ಕಿವಿ ಕೊಡುತ್ತೀರಿ, ನನಗೆ ಗೊತ್ತು.

೨
ಗುರುದೇವಿಯ ಗಂಡನದು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ. ನಾಲವಾರದಲ್ಲಿರುವ ತಂಗಿ ದಾನೇಶ್ವರಿ ಹೊಸ ಮನೆ ಕಟ್ಟಿಸಿ, ಭಾವನ ಕಲ್ಲು ಬಿಟ್ಟು ನೆಲಕ್ಕೆ ಟೈಲ್ಸ್ ಹಾಕಿಸಿದಳು. ‘ಟೈಲ್ಸಿನ ಮನ್ಯಾಗ ನಾ ಕಾಲಿಡಂಗಿಲ್ಲ’ ಎಂದು ಅಕ್ಕ ಮಾತು ಬಿಟ್ಟಳು. ಕೊನೆಗೆ ತಂಗಿಯೇ ಫೋನ್ ಮಾಡಿದಳು: ‘ಅಕ್ಕಾ, ಸೋಮವಾರ ಹೊಸ ಮನೀದು ಗುರುಪ್ರವೇಶ ಅದ. ಬರ್ತೀಯಿಲ್ಲ?’

‘ಬರ್ತೀನವ್ವಾ, ಬರ್ತೀನಿ!’ ಎಂದು ಗುರುದೇವಿ ಕೂಗಿದಳು. ಆಚೆ ತಂಗಿಗೆ ಒಂದಕ್ಷರವೂ ಕೇಳಿಸಲಿಲ್ಲ. ‘ಇನ್ನಾ ಸಿಟ್ಟು ಹೋಗಿಲ್ಲೇನು?’ ಎಂದು ತಂಗಿ ಅತ್ತು ಫೋನ್ ಇಟ್ಟಳು. ಗುರುದೇವಿ ತಿರುಗಿ ಮಾಡಿದರೂ ಅದೇ ಕಥೆ.

(ಗಂಡನ ಫೋನಿನಿಂದ ಮಾಡಬಾರದಿತ್ತೇ? ನಾನೂ ಕೇಳಿದೆ. ‘ಟೈಲ್ಸ್ ಅಂದ್ರ ಅವರು ಇನ್ನಾ ಉರೀಲಿಕತ್ತಾರ. ನೀ ಸುಮ್ನ ಬರಿ’ ಎಂದು ಗದರಿದಳು. ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ.)

೩
ಫೋನ್ ಕೊಂಡಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಅಸದನ ಅಂಗಡಿಯಲ್ಲಿ.

‘ಅಸದ, ಇದನ್ನ ವಾಪಸ್ ತಗೋ. ನನ್ನ ಮಾತು ನುಂಗ್ಲಿಕತ್ತದ.’

‘ಕುಂದ್ರಿ ಅಕ್ಕೋರೇ, ನೋಡೋಣು.’

ಬಂದ್ ಮಾಡಿ ಚಾಲೂ ಮಾಡಿದ. ಸಿಮ್ ತೆಗೆದು ಹಾಕಿದ. ಆಮೇಲೆ ಫೋನಿನ ಕೆಳಗಿನ ತೂತನ್ನು ಬೆಳಕಿಗೆ ಹಿಡಿದು ನಕ್ಕ. ‘ಇದಕ್ಕ ವಿಭೂತಿ ಹಚ್ಚೀರೇನ್ರಿ?’

‘ಹಚ್ಚದೆ ಬಿಡ್ತಾರೇನು? ಹೊಸಾದು, ದೃಷ್ಟಿ ಆಗಬಾರದು. ದಿನಾ ಪೂಜಾ ಆದ ಮ್ಯಾಲ ಹಚ್ತೀನಿ.’

‘ಮೈಕಿನ ತೂತಿಗೇ ಹಚ್ಚೀರಲ್ರಿ! ಹಸಿ ವಿಭೂತಿ ಒಳಗ ಹೋಗಿ ಗಟ್ಟಿ ಆಗ್ಯದ.’

(ಒಂದು ಕರಡಿನಲ್ಲಿ ಇಲ್ಲಿ ದೊಡ್ಡ ಗಲಾಟೆಯಿತ್ತು. ಅಸದ ಒಪ್ಪಲಿಲ್ಲ: ‘ನಿಮ್ಮ ಕಥಿ ಸಲುವಾಗಿ ಅಕ್ಕೋರ ಜೋಡಿ ನಾ ಯಾಕ ಜಗಳಾಡ್ಲಿ ಸಾರ್?’ ಸರಿ, ಬಿಟ್ಟೆ.)

ಸಣ್ಣ ಬ್ರಶ್ಶಿನಿಂದ ಮೆತ್ತಗೆ ಕೆದರಿದ. ಉದುರಿದ ವಿಭೂತಿಯನ್ನು ನೆಲಕ್ಕೆ ಬೀಳಿಸದೆ, ಕಾಗದದಲ್ಲಿ ಹಿಡಿದು ಮಡಚಿ ಅವಳ ಕೈಗಿಟ್ಟ. ಈ ಅಸದ ನನಗೆ ಭಾಳ ಇಷ್ಟವಾಗಿಬಿಟ್ಟ.

೪
ಮುಕ್ತಾಯ ಒಂದು: ಗುರುದೇವಿ ರೈಲು ಹತ್ತಿ ಹೋಗಿ ಟೈಲ್ಸಿನ ಮೇಲೆ ಜಾರುತ್ತಾಳೆ. (‘ನನ್ನ ಸೊಂಟ ಮುರೀಬ್ಯಾಡಪ್ಪಾ!’ ಹೊಡೆದು ಹಾಕಿದೆ.)

ಮುಕ್ತಾಯ ಎರಡು: ಅಂಗಡಿಯಲ್ಲೇ ಫೋನ್ ಬರುತ್ತದೆ. ತಂಗಿ. ಮೈಕು ಈಗ ಸರಿಯಾಗಿದೆ. ಅಕ್ಕ ‘ಹಲೋ’ ಅನ್ನುವ ಮೊದಲೇ ತಂಗಿ ಶುರು ಮಾಡುತ್ತಾಳೆ:

‘ಮಾತಾಡಬ್ಯಾಡ ಬಿಡು ಅಕ್ಕಾ, ಕೇಳಿದ್ರ ಸಾಕು. ದೇವರ ಖೋಲಿಗಿ ನಿಮ್ಮ ಕಲ್ಲೇ ಹಾಸೀನಿ. ಅದರ ಮ್ಯಾಲ ಮೊದಲ ನೀನೇ ಕುಂದ್ರಬೇಕಂತ, ಯಾರಿಗೂ ಕಾಲಿಡ್ಲಿಕ್ಕ ಬಿಟ್ಟಿಲ್ಲ.’

ಗುರುದೇವಿ ಬಾಯಿ ತೆರೆದಳು. ನಾನು ಪೆನ್ನು ಹಿಡಿದು ಬಾಗಿದೆ. ‘ನೀ ಏನ್ ಕಿವಿ ಕೊಟ್ಟು ನಿಂತಿ? ಹೊರಗ ನಡಿ!’ ಎಂದಳು, ನನಗೆ.

ಅಸದನೂ ನನ್ನೊಂದಿಗೆ ಹೊರಬಂದ. ಅಂಗಡಿಯ ಗಾಜಿನ ಆಚೆ ಅವಳ ತುಟಿ ಆಡುತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಆ ವಿಭೂತಿಯ ಕಾಗದ ಬಿಚ್ಚಿ, ಬೆರಳು ಅದ್ದಿದಳು. ಹಣೆಗೋ, ಫೋನಿಗೋ ಎಂದು ನಾನು ನೋಡುವಷ್ಟರಲ್ಲಿ ಅಸದ, ‘ಅಕ್ಕೋರೇ, ತಡೀರಿ!’ ಎಂದು ಕೂಗುತ್ತ ಒಳಗೆ ಓಡಿದ.

ನಾನು ಹೊರಗೇ ನಿಂತಿದ್ದೇನೆ.