ಸಿರುಗುಪ್ಪದಿಂದ ಬಂದ ಜೋಳ

1984ರ ಏಪ್ರಿಲ್‌ನಲ್ಲಿ ಬಳ್ಳಾರಿಯ ಒಂದು ಪ್ರಯೋಗಾಲಯಕ್ಕೆ ಪೊಲೀಸರು ಮೊಹರು ಹಾಕಿದ ಬಟ್ಟೆಯ ಚೀಲವೊಂದನ್ನು ತಂದುಕೊಟ್ಟರು. ಒಳಗೆ ಬಿಳಿಜೋಳವಿತ್ತು. ಜೊತೆಗಿದ್ದ ನ್ಯಾಯಾಲಯದ ಆದೇಶ ಕೇಳಿದ್ದು ಒಂದೇ ಪ್ರಶ್ನೆ: ಈ ಜೋಳದಲ್ಲಿ ಕಾರ್ಬೊಫ್ಯೂರಾನ್ ಇದೆಯೇ?

ಕಾರ್ಬೊಫ್ಯೂರಾನ್ ಎಂದರೆ ಭತ್ತದ ಗದ್ದೆಗೆ ಎರಚುವ ಹರಳಿನಂಥ ಕೀಟನಾಶಕ. ಕುರುಗೋಡಿನ ಜಂಬಮ್ಮ ಎಂಬ ಮುದುಕಿಯ ಹೊಟ್ಟೆಯಲ್ಲಿ ಅದು ಸಿಕ್ಕಿತ್ತು. ಸೊಸೆ ಪಾರಮ್ಮ ಬಡಿಸಿದ ರೊಟ್ಟಿ ತಿಂದು ಏಳುವ ಮೊದಲೇ ಜಂಬಮ್ಮನ ಬಾಯಲ್ಲಿ ನೊರೆ ಬಂದಿತ್ತು. ಬಳ್ಳಾರಿಯ ದಾರಿಯಲ್ಲೇ ಪ್ರಾಣ ಹೋಯಿತು. ಪಾರಮ್ಮ ಉಂಡಿರಲಿಲ್ಲ. ಅತ್ತೆ ಉಂಡ ಮೇಲೆ ಸೊಸೆ ಉಣ್ಣುವುದು ಆ ಮನೆಯ ಪದ್ಧತಿ. ಪೊಲೀಸರ ಕಡತದಲ್ಲಿ ಅದೇ ಮೊದಲ ಸಾಕ್ಷ್ಯವಾಯಿತು. ಇಬ್ಬರಿಗೂ ಜಗಳವಿತ್ತೆಂದು ನೆರೆಯವರು ಹೇಳಿದ್ದು ಎರಡನೆಯದು. ಸಾವಿನ ಮನೆಯೆಂದು ಉಳಿದ ರೊಟ್ಟಿ, ಹಿಟ್ಟು ಎಲ್ಲವನ್ನೂ ತಿಪ್ಪೆಗೆ ಚೆಲ್ಲಿದ್ದರು. ಪಾರಮ್ಮ ಬಳ್ಳಾರಿಯ ಜೈಲಿನಲ್ಲಿದ್ದಳು.

ಆ ರೊಟ್ಟಿಯ ಜೋಳ ಬಂದದ್ದು ಸಿರುಗುಪ್ಪದ ತವರಿನಿಂದ. ತಂದೆ ಮಾರೆಣ್ಣ ಒಂದು ಚೀಲ ಜೋಳದಲ್ಲಿ ಅರ್ಧವನ್ನು ಬಸ್ಸಿನಲ್ಲಿ ಒಯ್ದು ಮಗಳ ಮನೆಗೆ ಮುಟ್ಟಿಸಿದ್ದ. ಉಳಿದರ್ಧವೂ ಅವಳಿಗೇ ಎಂದು ಮುಟ್ಟದೆ ತೆಗೆದಿಟ್ಟಿದ್ದ. ಜೋಳವನ್ನು ಯಾವ ಚೀಲದಲ್ಲಿ ಇಟ್ಟಿದ್ದೆ ಎಂದು ವಕೀಲರು ಕೇಳಿದಾಗಲೇ ಅವನಿಗೆ ನೆನಪಾದದ್ದು: ಗದ್ದೆಯ ಔಷಧಿ ಹೊತ್ತು ತಂದ ಚೀಲ ಅದು, ಒಂದು ಪೊಟ್ಟಣ ಅದರೊಳಗೇ ಒಡೆದಿತ್ತು. ಈಗ ಪ್ರಯೋಗಾಲಯಕ್ಕೆ ಬಂದ ಆ ಉಳಿದ ಜೋಳದಲ್ಲಿ ವಿಷ ಸಿಕ್ಕರೆ ಇದು ಕೊಲೆಯಲ್ಲ, ಆಕಸ್ಮಿಕ. ಪಾರಮ್ಮ ಮನೆಗೆ ಬರುತ್ತಾಳೆ. ಸಿಗದಿದ್ದರೆ ವಿಷ ಬೆರೆಸಿದ್ದು ಅವಳ ಕೈಯೇ.

ಪರೀಕ್ಷೆ ಮಾಡಬೇಕಾದವರು ರಸಾಯನತಜ್ಞ ಚಿದಾನಂದಪ್ಪ. ಪ್ರಯೋಗಾಲಯಕ್ಕೆ ಲಿಕ್ವಿಡ್ ಕ್ರೊಮ್ಯಾಟೋಗ್ರಫಿ ಯಂತ್ರ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹಳೆಯ ಯಂತ್ರ ಮಾದರಿಯನ್ನು ಕಾಯಿಸಿ ಆವಿ ಮಾಡುತ್ತಿತ್ತು. ರೊಟ್ಟಿ ಬೇಯುವ ಬಿಸಿಗೆ ಉಳಿಯುವ ಈ ಜಾತಿಯ ವಿಷ ಆ ಕಾವಿಗೆ ತಾನೇ ಒಡೆದುಹೋಗುತ್ತಿತ್ತು. ಹೊಸದರಲ್ಲಿ ಹಾಗೆ ಕಾಯಿಸುವುದಿಲ್ಲ. ಮಾದರಿಯ ಸಾರವನ್ನು ದ್ರವದೊಂದಿಗೆ, ನುಣ್ಣನೆಯ ಪುಡಿ ತುಂಬಿದ ಉಕ್ಕಿನ ಕೊಳವೆಯ ಮೂಲಕ ಭಾರಿ ಒತ್ತಡದಲ್ಲಿ ನೂಕುತ್ತಾರೆ. ಒಂದೊಂದು ವಸ್ತುವೂ ತನ್ನ ತನ್ನ ಹೊತ್ತಿಗೆ ಆಚೆ ಬರುತ್ತದೆ. ಬಂದಾಗ, ಉರುಳುವ ಕಾಗದದ ಮೇಲೆ ಪೆನ್ನು ಒಂದು ಗುಡ್ಡ ಬರೆಯುತ್ತದೆ. ಬಂಡಿ ಜೋಳದಲ್ಲಿ ಚಿಟಿಕೆ ವಿಷವಿದ್ದರೂ ಗುಡ್ಡ ಏಳುತ್ತದೆ.

ಏಸಿ ಇದ್ದದ್ದು ಆ ಯಂತ್ರದ ಕೋಣೆಗೆ ಮಾತ್ರ. ಅಟೆಂಡರ್ ಸುಂಕಣ್ಣ ಯಂತ್ರಕ್ಕೆ ಮದುಮಗ ಎಂದು ಹೆಸರಿಟ್ಟಿದ್ದ.

"ನಮಗ ಫ್ಯಾನ್ ತಿರುಗವಲ್ದು, ಮದುಮಗಗ ತಂಪು ಗಾಳಿ," ಎನ್ನುತ್ತ ಅವನು ಬೆವರು ಒರೆಸಿಕೊಂಡ. "ಹೊರಗ ಆ ಮುದುಕ ಮಾರೆಣ್ಣ ಕುಂತಾನ್ರಿ ಸಾರ್. ಮುಂಜಾನಿಯಿಂದ ನೀರೂ ಕುಡದಿಲ್ಲ."

ಚಿದಾನಂದಪ್ಪ ಮೊದಲು ಶುದ್ಧ ಕಾರ್ಬೊಫ್ಯೂರಾನನ್ನು ಯಂತ್ರಕ್ಕೆ ಕೊಟ್ಟು, ಅದರ ಗುಡ್ಡ ಎಲ್ಲಿ ಏಳುತ್ತದೆಂದು ಕಾಗದದ ಮೇಲೆ ಗುರುತು ಮಾಡಿದರು. ಆಮೇಲೆ ಜೋಳದ ಸಾರ ಕೊಟ್ಟರು. ಗುರುತಿನ ಜಾಗದಲ್ಲಿ ಪೆನ್ನು ನೇರ ಗೆರೆ ಎಳೆದು ಮುಂದೆ ಹೋಯಿತು. ಅದನ್ನು ದಾಟಿದ ಮೇಲೆ, ಯಾರೂ ನಿರೀಕ್ಷಿಸದ ಕಡೆ, ಮೆಲ್ಲಗೆ ಒಂದು ಗುಡ್ಡ ಎದ್ದಿತು. ಇನ್ನೊಮ್ಮೆ ನೋಡಿದರು. ಅದೇ ಗುಡ್ಡ, ಅದೇ ಜಾಗ. ವಿಷ ಒಡೆದು ಬೇರೆ ರೂಪ ಪಡೆದಿರಬಹುದೇ? ಅವರ ಮುಖ ನೋಡಿದ ಸುಂಕಣ್ಣ ಹೊರಗೆ ಓಡಿ, "ಏನೋ ಒಂದು ಸಿಕ್ಕೈತಂತ, ಏಳಪ್ಪಾ, ಚಾ ಕುಡಿ," ಎಂದು ಮಾರೆಣ್ಣನಿಗೆ ಹೇಳಿಬಿಟ್ಟ.

ಚಿದಾನಂದಪ್ಪ ಸಾರದ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿಳಿ ಹಳದಿ ಬಣ್ಣ.

"ಸುಂಕಣ್ಣ, ಅಂಗಡಿಯಿಂದ ಚೂರು ಅರಿಶಿನ ತಗೊಂಬಾ."

"ಮದುಮಗಗ ಹಚ್ಚಾಕೇನ್ರಿ ಸಾರ್?"

ಚಿದಾನಂದಪ್ಪ ನಗಲಿಲ್ಲ. ಅರಿಶಿನದ ಸಾರ ಕೊಟ್ಟಾಗ ಗುಡ್ಡ ಅದೇ ಜಾಗದಲ್ಲಿ ಎದ್ದಿತು. ಅವರು ಉಳಿದ ಜೋಳವನ್ನು ಬಿಳಿ ಕಾಗದದ ಮೇಲೆ ಹರಡಿದರು. ಒಂದು ಕಲ್ಲಿಲ್ಲ, ಹೊಟ್ಟಿಲ್ಲ, ಬೆರಳಿಗೆ ಹತ್ತುವಷ್ಟೂ ಧೂಳಿಲ್ಲ. ನೀರಿನಲ್ಲಿ ನೆನೆದು ಒಣಗಿದ ಕೆಲವು ಕಾಳುಗಳು ಮೊಳಕೆಯ ಕಡೆ ಬಿರಿದಿದ್ದವು. ಅವರು ಮಾರೆಣ್ಣನನ್ನು ಒಳಗೆ ಕರೆಸಿದರು.

"ಜೋಳ ಪೊಲೀಸರಿಗೆ ಕೊಟ್ಟವರು ಯಾರು?"

"ನನ್ನ ಹೆಂಡ್ತಿ, ಉಚ್ಚೆಂಗೆಮ್ಮ. ಅವತ್ತು ನಾನು ವಕೀಲ್ರ ತಾವ ಇದ್ದೆ ಸಾಹೇಬ್ರ."

"ಆಕಿಗೆ ಏನು ಹೇಳಿದ್ರಿ?"

"ದೊಡ್ಡ ಸಾಹೇಬ್ರು ನಮ್ಮ ಜೋಳ ನೋಡ್ತಾರಂತ, ಪೊಲೀಸ್ರು ಬಂದ್ರ ಕೊಡು ಅಂದೆ. ಅಷ್ಟ."

"ವಿಷದ ಮಾತು?"

ಮಾರೆಣ್ಣ ತಲೆ ತಗ್ಗಿಸಿದ. "ನಮ್ಮ ಮನಿ ಜೋಳನ ಬೀಗ್ತಿನ್ನ ಕೊಂದೈತಿ ಅಂತ ಹೆಂಗ ಹೇಳ್ಲಿ? ಮೊದ್ಲೇ ಮಗಳು ಜೈಲಿನ್ಯಾಗ. ಆಕಿ ಬದುಕ್ತಿದ್ದಿಲ್ರಿ."

"ಜೋಳ ತೊಳದಾಳ."

ಮಾರೆಣ್ಣ ಕಾಗದದ ಮೇಲಿನ ಕಾಳುಗಳತ್ತ ಬಾಗಿದ. "ಹೊರಗಿನವ್ರಿಗೆ ಕಾಳು ಕೊಡಾದಿದ್ರ ಆಕಿ ಹಂಗ ಕೊಡಾಕಿ ಅಲ್ರಿ," ಎಂದ ನಿಧಾನವಾಗಿ. "ಕೇರ್ತಾಳ, ಕಲ್ಲು ಆರಿಸ್ತಾಳ, ತೊಳದು ಮಾಳಿಗಿ ಮ್ಯಾಲ ಒಣಗಿಸ್ತಾಳ. ಕೆಲ್ಸ ಶುಭ ಆಗ್ಲಿ ಅಂತ ಅರಿಶಿನ ಮುಟ್ಟಿಸಿ ಕೊಡ್ತಾಳ."

"ಕೇರಿದ ಹೊಟ್ಟು ಏನಾತು?"

"ಕೋಳಿಗೆ ಹಾಕಿರ್ಬೇಕು... ಅವತ್ತು ಎರಡು ಕೋಳಿ ಸತ್ತುವು ಸಾಹೇಬ್ರ. ಓಣ್ಯಾಗ ಕೋಳಿ ರೋಗ ಐತಿ, ಅದ ಇರ್ಬೇಕು ಅಂತ ಹಳ್ಳಕ್ಕ ಒಗದೆ. ನಾನ ಒಗದೆ."

"ಚೀಲ?"

"ಕಾಲುವ್ಯಾಗ ಸಾಬೂನು ಹಚ್ಚಿ ಒಗದಾಳ. ಬಾಗಿಲದಾಗ ಹಾಸೈತಿ."

ಮಾರೆಣ್ಣ ಯಂತ್ರವನ್ನೇ ದಿಟ್ಟಿಸುತ್ತಿದ್ದ. "ಇನ್ನೊಮ್ಮಿ ನೋಡ್ರಿ. ಇದು ಭಾಳ ಚುರುಕು ಐತಿ ಅಂತಾರಲ್ರಿ."

"ಇದ್ದದ್ದನ್ನ ಹಿಡೀತೈತಿ ಮಾರೆಣ್ಣ. ತೊಳದು ಹೋದದ್ದನ್ನ ಹಿಡಿಯಂಗಿಲ್ಲ."

ಮೇಜಿನ ಮೇಲೆ ಶುದ್ಧ ವಿಷದ ಪುಟ್ಟ ಸೀಸೆ ಇನ್ನೂ ಇತ್ತು. ಮಾರೆಣ್ಣ ಅದರ ಚೀಟಿ ಓದಲಾರ. ಆದರೂ ತಲೆಬುರುಡೆಯ ಗುರುತು ನೋಡಿ ಅದರತ್ತ ಕೈ ತೋರಿಸಿದ. "ಅದರಾಗಿಂದು ಒಂದು ಚಿಟಿಕಿ ಹಾಕಿಬಿಡ್ರಿ. ಸುಳ್ಳೇನಲ್ರಿ. ಅದ್ರಾಗ ಇದ್ದದ್ದನ್ನ ತಿರುಗಿ ಹಾಕ್ತೀರಿ, ಅಷ್ಟ."

ಚಿದಾನಂದಪ್ಪ ಸೀಸೆಯನ್ನು ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ವರದಿಯಲ್ಲಿ ಅವರು ಎರಡು ಮಾತು ಬರೆದರು. ಮಾದರಿಯಲ್ಲಿ ಕಾರ್ಬೊಫ್ಯೂರಾನ್ ಕಂಡುಬಂದಿಲ್ಲ. ಕಾಳನ್ನು ಕೇರಿ ತೊಳೆದು ಒಣಗಿಸಿದಂತಿದೆ, ಆದ್ದರಿಂದ ಮೊದಲೂ ವಿಷವಿರಲಿಲ್ಲವೆಂದು ಈ ಪರೀಕ್ಷೆಯಿಂದ ಹೇಳಲಾಗದು. ಎರಡನೆಯ ಮಾತು ಪಾರಮ್ಮನಿಗೆ ಆಸರೆಯಾದೀತೆಂದು ಅವರು ನಂಬಿದ್ದರು.

ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಹಿಡಿದದ್ದು ಅದನ್ನೇ. "ವಿಷ ತೋರಿಸಿ ಮಗಳನ್ನು ಬಿಡಿಸಿಕೊಳ್ಳಬೇಕಾದವರು ಜೋಳವನ್ನು ತೊಳೆಯುತ್ತಾರೆಯೇ? ಅದರಲ್ಲಿ ವಿಷವಿಲ್ಲವೆಂದು ಗೊತ್ತಿದ್ದವರು ತೊಳೆಯುತ್ತಾರೆ, ಆಮೇಲೆ ತೊಳೆದು ಹೋಯಿತು ಎನ್ನುವುದಕ್ಕೆ." ಉಚ್ಚೆಂಗೆಮ್ಮನನ್ನು ಸಾಕ್ಷಿಯಾಗಿ ಕರೆದರೆ ಅವಳ ಮೇಲೂ ಸಾಕ್ಷ್ಯ ಕೆಡಿಸಿದ ಕೇಸು ಬೀಳುತ್ತದೆಂದು ಪಾರಮ್ಮನ ವಕೀಲರು ಕರೆಸಲಿಲ್ಲ. ಮಾರೆಣ್ಣ ಕೋಳಿ ಸತ್ತದ್ದನ್ನು ಹೇಳಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಹೆಂಡತಿಗೆ ತಿಳಿಯಬಾರದೆಂದು ಅವನು ಅವಳನ್ನು ಒಂದು ದಿನವೂ ವಿಚಾರಣೆಗೆ ಕರೆತಂದಿರಲಿಲ್ಲ. ಪಾರಮ್ಮನಿಗೆ ಜೀವಾವಧಿ ಶಿಕ್ಷೆಯಾಯಿತು.

ತೀರ್ಪಿನ ದಿನ ನ್ಯಾಯಾಲಯದ ಮೆಟ್ಟಿಲಿನ ಬಳಿ ಒಬ್ಬ ಹೆಂಗಸು ಚಿದಾನಂದಪ್ಪನವರನ್ನು ತಡೆದಳು. ಕಂಕುಳಲ್ಲಿ ಒಂದು ಗಂಟಿತ್ತು. ಹಿಂದೆ ಮಾರೆಣ್ಣ ನಿಂತಿದ್ದ.

"ನಮ್ಮ ಜೋಳ ನೋಡಿದ ಸಾಹೇಬ್ರು ನೀವೇನ್ರಿ?"

"ಹೌದಮ್ಮ."

"ಒಂದಾರ ಕಲ್ಲು ಇತ್ತೇನ್ರಿ ಅದ್ರಾಗ?"

"ಇರಲಿಲ್ಲ."

"ಮತ್ತ ಯಾಕ್ರಿ ಬಿಡ್ಲಿಲ್ಲ ನನ್ನ ಮಗಳನ್ನ? ನಾವೇನು ಕೆಟ್ಟ ಜೋಳ ಕೊಟ್ಟಿದ್ವೇನ್ರಿ?"

ಅವಳ ಬೆನ್ನ ಹಿಂದೆ ಮಾರೆಣ್ಣ ಎರಡೂ ಕೈ ಜೋಡಿಸಿ, ಬೇಡವೆಂದು ತಲೆಯಾಡಿಸುತ್ತಿದ್ದ.

"ಜೋಳ ಚಲೋ ಇತ್ತಮ್ಮ," ಎಂದರು ಚಿದಾನಂದಪ್ಪ.

ಉಚ್ಚೆಂಗೆಮ್ಮ ಗಂಟು ಬಿಚ್ಚಿ ತೋರಿಸಿದಳು. ಬಿಳಿಜೋಳ, ಮೇಲೆ ಅರಿಶಿನದ ಒಂದು ಬೊಟ್ಟು.

"ಜೈಲಿನವ್ರು ಇದನ್ನ ಬೀಸಿ ನಮ್ಮ ಪಾರಿಗೆ ರೊಟ್ಟಿ ಮಾಡಿ ಕೊಡ್ತಾರೇನ್ರಿ? ಇದನ್ನೂ ತೊಳದು ತಂದೀನಿ."