ಗೋಡೆಯ ರುಚಿ

ನಮ್ಮ ಮನೆಯ ಗೋಡೆಯನ್ನು ಯಾರೋ ತಿನ್ನುತ್ತಿದ್ದಾರೆ ಎಂದು ಗೊತ್ತಾದದ್ದು ಬೀರು ಸರಿಸಿದ ದಿನ. ಅದರ ಹಿಂದೆ, ಎದೆಯ ಎತ್ತರಕ್ಕೆ, ಅಂಗೈಯಗಲದ ಗುಳಿ ಬಿದ್ದು ಒಳಗಿನ ಇಟ್ಟಿಗೆ ಕಾಣುತ್ತಿತ್ತು. ನಾನು ಇಪ್ಪತ್ತೈದು ವರ್ಷದಿಂದ ಗಾರೆ ಮೇಸ್ತ್ರಿ. ಯಾರ ಗೋಡೆ ಉದುರಿದರೂ ನನ್ನದು ಉದುರುವುದಿಲ್ಲ. ಇದನ್ನು ಜಂಬ ಎಂದುಕೊಂಡರೂ ನನಗೇನೂ ಬೇಜಾರಿಲ್ಲ. ಮೊದಲು ಇಲಿ ಇರಬೇಕು ಎಂದುಕೊಂಡು ಬೋನು ಇಟ್ಟೆ. ಆದರೆ ಯಾವ ಇಲಿಯೂ ಎದೆಯೆತ್ತರಕ್ಕೆ ನಿಂತು, ಅಂಚು ಒಡೆಯದ ಹಾಗೆ, ಇಷ್ಟು ಅಚ್ಚುಕಟ್ಟಾಗಿ ಕೆರೆಯುವುದಿಲ್ಲ.

ನಾಲ್ಕನೆಯ ದಿನ ಕೆಲಸ ಬೇಗ ಮುಗಿದು ಮಧ್ಯಾಹ್ನವೇ ಮನೆಗೆ ಬಂದೆ. ನನ್ನ ಹೆಂಡತಿ ಗೋಡೆಯ ಮುಂದೆ ಚಮಚ ಹಿಡಿದು ನಿಂತಿದ್ದಳು. ತುಟಿಯ ಮೇಲೆ ಬೂದು ಪುಡಿ.

"ಏನ್ ಮಾಡ್ತಿದೀಯ?"

"ಸ್ವಲ್ಪ ಅಷ್ಟೇ ರೀ," ಎಂದಳು. "ಆಸೆ ತಡೆಯೋಕೆ ಆಗಲ್ಲ. ಮಳೆ ಬಿದ್ದ ಮಣ್ಣಿನ ವಾಸನೆ ಬಂದ್ರಂತೂ ಬಾಯಲ್ಲಿ ನೀರೂರುತ್ತೆ."

ಬೇರೆ ಗಂಡನಾಗಿದ್ದರೆ ಆಗಲೇ ಅವಳ ಕೈಹಿಡಿದು ಆಸ್ಪತ್ರೆಗೆ ಓಡುತ್ತಿದ್ದ. ನಾನು ಮೇಸ್ತ್ರಿ. ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಹೇಗಿದೆ?"

ಅವಳು ನಾಲಿಗೆ ಹೊರಳಿಸಿ ಯೋಚನೆ ಮಾಡಿದಳು. "ಇದು ಪರವಾಗಿಲ್ಲ. ಕಿಟಕಿ ಪಕ್ಕದ್ದು ಚೆನ್ನಾಗಿದೆ. ಅಡುಗೆಮನೇದು ಮಾತ್ರ ಬಾಯಿಗಿಡೋ ಹಾಗಿಲ್ಲ. ನನ್ನ ಜೊತೆ ಜಗಳ ಆಡ್ಕೊಂಡು ಮಾಡಿದ ಗೋಡೆ ಅದು. ಮರಳಿಗೆ ಜರಡಿ ಹಿಡಿದೇ ಇಲ್ಲ ನೀವು."

ಆವತ್ತು ಸಿಟ್ಟಿನಲ್ಲಿ ಮರಳನ್ನು ಹಾಗೇ ಸುರಿದು ಕಲಸಿದ್ದು ನಿಜ. ಅದು ನನಗೊಬ್ಬನಿಗೇ ಗೊತ್ತಿದ್ದ ಸಂಗತಿ.

ಮುಂದಿನ ವಾರ ಅವಳು ನನ್ನ ಊಟದ ಡಬ್ಬಿ ಕೊಡಲು ಕೆಲಸದ ಜಾಗಕ್ಕೆ ಬಂದಳು. ಅಲ್ಲಿ ಎಂಜಿನಿಯರ್ ಸಾಹೇಬರಿಗೂ ಗುತ್ತಿಗೆದಾರನಿಗೂ ವಾಗ್ವಾದ ನಡೆದಿತ್ತು. ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳು ಹಾಕಿದ್ದೇನೆ ಎಂದು ಗುತ್ತಿಗೆದಾರ ತಾಯಿಯ ಮೇಲೆ ಆಣೆ ಇಡುತ್ತಿದ್ದ. ನನ್ನವಳು ಸುಮ್ಮನೆ ಹೋಗಿ ಹೆಬ್ಬೆರಳ ಉಗುರಿನಲ್ಲಿ ಗೋಡೆ ಕೆರೆದು ಬಾಯಿಗೆ ಹಾಕಿಕೊಂಡಳು.

"ಒಂದಕ್ಕೆ ಎಂಟು. ಮರಳು ಸಮುದ್ರದ್ದು, ಉಪ್ಪುಪ್ಪು ಇದೆ. ಪಾಪ, ಆ ಅಮ್ಮನ ಮೇಲೆ ಯಾಕೆ ಆಣೆ ಇಡ್ತೀರ?"

ಎಂಟು ದಿನದ ಮೇಲೆ ಬಂದ ಪ್ರಯೋಗಾಲಯದ ವರದಿಯಲ್ಲೂ ಇದೇ ಇತ್ತು, ಅಮ್ಮನ ವಿಷಯ ಒಂದು ಬಿಟ್ಟು. ಸಾಹೇಬರು ವರದಿಯನ್ನು ಡ್ರಾಯರಿಗೆ ತಳ್ಳಿ ನಮ್ಮ ಮನೆಗೆ ಜೀಪು ಕಳಿಸಿದರು.

ಆಮೇಲೆ ಅವಳು 'ನಾಲಿಗೆ ಮೇಡಂ' ಆದಳು. ಅವಳಿಗೊಂದು ಹಳದಿ ಹೆಲ್ಮೆಟ್, ಕೂರಲು ಕುರ್ಚಿ, ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬಾಯಿ ಮುಕ್ಕಳಿಸಲು ನೀರಿನ ತಂಬಿಗೆ. ದೊಡ್ಡ ದೊಡ್ಡ ಗುತ್ತಿಗೆದಾರರು ಪರೀಕ್ಷೆ ಬರೆದ ಮಕ್ಕಳ ಹಾಗೆ ಅವಳ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಪ್ರತಿ ಸಲವೂ ಕೊನೆಗೆ ಅವಳು ಒಂದು ಮಾತು ಸೇರಿಸುತ್ತಿದ್ದಳು: "ಪರವಾಗಿಲ್ಲ. ಆದ್ರೆ ನಮ್ಮ ಯಜಮಾನರ ಗೋಡೆ ಒಂದನೇ ನಂಬರ್."

ಈ ಮಾತು ಊರೆಲ್ಲ ಹಬ್ಬಿತು. ಎದುರಿಗೆ ಸಿಕ್ಕರೂ ಮುಖ ತಿರುಗಿಸುತ್ತಿದ್ದವರು ಕೈಕುಲುಕತೊಡಗಿದರು. 'ನುಣುಪು' ಎಂದು ಹೆಸರಾದ ಇನ್ನೊಬ್ಬ ಮೇಸ್ತ್ರಿಯಿದ್ದ. ನನಗೆ ಅವನನ್ನು ಕಂಡರೆ ಮೊದಲಿನಿಂದಲೂ ಹೊಟ್ಟೆಯುರಿ. ಅವನು ಬೇಸರದಿಂದ ಎರಡು ದಿನ ಕೆಲಸಕ್ಕೇ ಬರಲಿಲ್ಲವಂತೆ. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಈ ಸಂಭ್ರಮದಲ್ಲಿ ಅವಳ ಮುಖ ಗೋಡೆಯ ಬಣ್ಣಕ್ಕೇ ತಿರುಗಿದ್ದನ್ನು ನಾನು ನೋಡಿಯೂ ನೋಡಲಿಲ್ಲ. ಅವಳ ಉಗುರುಗಳು ನಡುವೆ ಗುಳಿಬಿದ್ದು ಚಮಚದಂತಾಗಿದ್ದವು. ಕೆರೆಯಲು ಅನುಕೂಲವಾಯಿತು ಎಂದು ಇಬ್ಬರೂ ಖುಷಿಪಟ್ಟೆವು. ಎರಡನೆಯ ಮಹಡಿ ಹತ್ತುವಷ್ಟರಲ್ಲಿ ಅವಳು ಮೂರು ಸಲ ಕೂತಳು. ಆಗ ಆಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ರಕ್ತ ತೆಗೆಸಿದರು. "ಹಿಮೋಗ್ಲೋಬಿನ್ ಹನ್ನೆರಡು ಇರಬೇಕು. ನಿಮ್ಮದು ಆರು. ಏನು ತಿಂತೀರಮ್ಮ?"

"ಗೋಡೆ."

ಡಾಕ್ಟರಮ್ಮನ ಪೆನ್ನು ನಿಲ್ಲಲಿಲ್ಲ. "ಕೆಲವರು ಮಂಜುಗಡ್ಡೆ ತಿಂತಾರೆ, ಕೆಲವರು ಬೂದಿ. ವರ್ಷಗಟ್ಟಲೆ ಮುಟ್ಟಲ್ಲಿ ಹೆಚ್ಚು ರಕ್ತ ಹೋಗಿ ಕಬ್ಬಿಣದ ಅಂಶ ಖಾಲಿಯಾಗಿದೆ. ಅದಕ್ಕೇ ಈ ಆಸೆ. ಮನುಷ್ಯರ ಮೈಯಲ್ಲಿರೋ ಕಬ್ಬಿಣ ಎಲ್ಲ ಸೇರಿಸಿದ್ರೂ ಒಂದು ಸಣ್ಣ ಮೊಳೆ ಆಗುತ್ತೆ. ನಿಮ್ಮಲ್ಲಿ ಅರ್ಧ ಮೊಳೆನೂ ಉಳಿದಿಲ್ಲ. ಹೀಗೇ ಇಳೀತಾ ಹೋದ್ರೆ ಹೃದಯ ಕೈಕೊಡುತ್ತೆ."

ನನ್ನ ಕೈಚೀಲದಲ್ಲಿ ಆಗ ಎರಡು ಕಿಲೋ ಮೊಳೆ ಇತ್ತು. ಅದನ್ನು ಕಾಲಿನಿಂದ ಬೆಂಚಿನ ಕೆಳಕ್ಕೆ ತಳ್ಳಿದೆ.

"ಈ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೇಲಿ, ನಿಂಬೆರಸದ ಜೊತೆ. ಟೀ ಮಾತ್ರ ಬೇಡ, ಎರಡು ಗಂಟೆ ಬಿಟ್ಟು ಕುಡೀರಿ. ಟೀ ಜೊತೆಗೆ ಹೋದ್ರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ಹಳೇ ಬಣ್ಣದ ಗೋಡೆ ಮುಟ್ಟಲೇಬೇಡಿ, ಅದರಲ್ಲಿ ಸೀಸ ಇರುತ್ತೆ. ಕಬ್ಬಿಣ ಏರೋಕೆ ಶುರುವಾದ್ರೆ ಗೋಡೆ ಆಸೆ ತಾನಾಗೇ ಹೋಗುತ್ತೆ."

"ಪೂರ್ತಿ ಹೋಗುತ್ತಾ?" ಎಂದೆ.

"ಪೂರ್ತಿ."

ಆಸೆ ಹೋದ ಮೇಲೆ ಅವಳು ಗೋಡೆ ಮುಟ್ಟುವಳೇ? ಮುಟ್ಟದಿದ್ದರೆ ನನ್ನ ಗೋಡೆ ಒಂದನೇ ನಂಬರ್ ಎಂದು ಹೇಳುವವರು ಯಾರು? ಕಣ್ಣಿಗೆ ಎಲ್ಲ ಗೋಡೆಯೂ ಒಂದೇ. ನುಣುಪಿನವನದಂತೂ ಕಣ್ಣಿಗೆ ಇನ್ನೂ ಚೆಂದ.

ಮಾರನೆಯ ಬೆಳಗ್ಗೆ ನಾನು ಅವಳಿಗಿಂತ ಮುಂಚೆ ಎದ್ದು ಟೀ ಕಾಯಿಸಿದೆ. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ಲೋಟ ಹಿಡಿದು ಹಾಸಿಗೆಯ ಬಳಿ ನಿಂತೆ. ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು, ಮಾತ್ರೆ ಬಾಯಿಗೆ ಹಾಕಿಕೊಂಡು ಟೀ ಕುಡಿದಳು. ಹೀಗೆ ಒಂದು ತಿಂಗಳು. ಮಾತ್ರೆ ತಪ್ಪಿಸಲಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಂಥ ಸಮಾಧಾನ ಹೇಳಿಕೊಳ್ಳುವುದರಲ್ಲಿ ನಾನು ನಿಜವಾಗಿಯೂ ಒಂದನೇ ನಂಬರ್.

ತಿಂಗಳಾದ ಮೇಲೆ ರಕ್ತ ಆರರಿಂದ ಐದೂವರೆಗೆ ಇಳಿದಿತ್ತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಮಾತ್ರೆ ಜೊತೆ ಟೀ ಕುಡೀತಿದೀರಾ?"

ನಾನು ಆಸ್ಪತ್ರೆಯ ಗೋಡೆ ನೋಡತೊಡಗಿದೆ. ಅವಳೇ ಹೇಳಿದಳು: "ಇಲ್ಲ ಡಾಕ್ಟರಮ್ಮ."

"ಸರಿ, ನಾಡಿದ್ದು ಬಂದು ದಾಖಲಾಗಿ. ಅಲ್ಲಿವರೆಗೂ ಮೆಟ್ಟಿಲು ಹತ್ತಬೇಡಿ."

ಆದರೆ ಮರುದಿನವೇ ಜೀಪು ಬಂತು. ಐದು ಮಹಡಿಯ ಹೊಸ ಕಟ್ಟಡ. ಬೇಡ ಎನ್ನಬೇಕಿತ್ತು. ನಾನು ಹೆಲ್ಮೆಟ್ ಒರೆಸಿ ಕೊಟ್ಟೆ. ನಾಲ್ಕನೆಯ ಮಹಡಿಯಲ್ಲಿ ಅವಳು ಗೋಡೆ ಕೆರೆದಳು, ಪುಡಿಯನ್ನು ಬಾಯಿಯವರೆಗೆ ತಂದಳು, ಹಾಗೇ ಕುಸಿದಳು. ಗುತ್ತಿಗೆದಾರ ಓಡಿಬಂದು, "ನಮ್ಮ ಗೋಡೆ ಅಷ್ಟೊಂದು ಕೆಟ್ಟದಾಗಿದೆಯಾ?" ಎಂದು ಕೇಳಿದ. ಅವಳನ್ನು ಹೆಗಲ ಮೇಲೆ ಹಾಕಿಕೊಂಡು ನಾಲ್ಕು ಮಹಡಿ ಇಳಿದೆ. ಸಿಮೆಂಟಿನ ಒಂದು ಮೂಟೆಯಷ್ಟೂ ಭಾರ ಇರಲಿಲ್ಲ ಅವಳು.

ಆಸ್ಪತ್ರೆಯಲ್ಲಿ ಯಾರದೋ ರಕ್ತ ತೊಟ್ಟುತೊಟ್ಟಾಗಿ ಅವಳೊಳಗೆ ಇಳಿಯಿತು. ಅವಳು ಕಣ್ಣು ಬಿಟ್ಟಾಗ ನಾನು ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದೆ.

"ಆ ಟೀ ಕೊಟ್ಟಿದ್ದು ಬೇಕಂತಲೇ ಕಣೇ," ಎಂದೆ.

"ಗೊತ್ತು. ಡಾಕ್ಟರಮ್ಮ ಹೇಳಿದಾಗ ನಾನೂ ಅಲ್ಲೇ ಕೂತಿದ್ದೆನಲ್ಲ."

"ಮತ್ತೆ ಯಾಕೆ ಕುಡಿದೆ?"

"ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಮೊದಲನೇ ಸಲ ಟೀ ಮಾಡ್ಕೊಂಡು ಬಂದ್ರಿ. ಬೇಡ ಅಂದ್ರೆ ಮಾರನೇ ದಿನದಿಂದ ಬರ್ತಿರಲಿಲ್ಲ ನೀವು."

ನಾನು ಅತ್ತೆ. ಪಕ್ಕದ ಮಂಚದ ಅಜ್ಜಿ ಎದ್ದು ಕೂತು ನೋಡುವಷ್ಟು ಜೋರಾಗಿ ಅತ್ತೆ. ಆಮೇಲೆ ಡಾಕ್ಟರಮ್ಮನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಬೈದ ಬೈಗುಳ ನನ್ನ ಯೋಗ್ಯತೆಗೆ ಕಡಿಮೆಯೇ ಆಯಿತು.

ಮನೆಗೆ ಬಂದ ಮೇಲೆ ಬೆಳಗಿನ ನಿಂಬೆಹಣ್ಣು ನಾನೇ ಹಿಂಡಿದೆ. ಮೂರು ತಿಂಗಳಿಗೆ ರಕ್ತ ಹನ್ನೊಂದೂವರೆಗೆ ಏರಿತು. ಕೆನ್ನೆಗೆ ಬಣ್ಣ ಬಂತು. ಎಂಜಿನಿಯರ್ ಸಾಹೇಬರು ಕಾಗದದಲ್ಲಿ ಗಾರೆಯ ಚೂರು ಸುತ್ತಿಕೊಂಡು ಮನೆಗೇ ಬಂದರು. ಅವಳು ಬಾಯಿಗೆ ಹಾಕಿಕೊಂಡವಳೇ ಉಗುಳಿದಳು. "ಥೂ, ಮಣ್ಣು." ಸಾಹೇಬರು ಶವದ ಮುಂದೆ ನಿಂತವರಂತೆ ಟೋಪಿ ತೆಗೆದು ಹೊರಟುಹೋದರು. ಹಳದಿ ಹೆಲ್ಮೆಟ್‌ನಲ್ಲಿ ಅವಳು ಈಗ ಈರುಳ್ಳಿ ಇಡುತ್ತಾಳೆ.

ನಿನ್ನೆ ಬೀರುವಿನ ಹಿಂದಿನ ಗುಳಿಗೆ ಗಾರೆ ಮೆತ್ತುತ್ತಿದ್ದಾಗ ತಡೆಯಲಾರದೆ ಕೇಳಿದೆ.

"ನಿಜ ಹೇಳು. ನನ್ನ ಗೋಡೆ ಒಂದನೇ ನಂಬರ್ ಆಗಿತ್ತು ಅಲ್ವಾ?"

ಅವಳು ಮಡಿಸುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟಳು. "ಆರನೇದೋ ಏಳನೇದೋ."

ಮೆತ್ತುತ್ತಿದ್ದ ಕರಣೆಯನ್ನು ಕೆಳಗಿಟ್ಟೆ. "ಒಂದನೇದು ಯಾರದು?"

"ಆ ನುಣುಪು ಮೇಸ್ತ್ರಿದು."

"ಮತ್ತೆ ಊರೆಲ್ಲ ಯಾಕೆ ಹಾಗೆ ಹೇಳ್ಕೊಂಡು ಬಂದೆ?"

"ಮೊದಲನೇ ದಿನ 'ಹೇಗಿದೆ' ಅಂತ ಕೇಳಿದ್ರಲ್ಲ, ಆಗ ನಿಮ್ಮ ಮುಖ ನೋಡಬೇಕಿತ್ತು ನೀವು."

ಆರನೆಯದೋ ಏಳನೆಯದೋ ಆದ ಗೋಡೆಗಾಗಿ ನಾನು ಇವಳನ್ನು ಸಾವಿನ ಬಾಗಿಲ ತನಕ ಕಳಿಸಿದ್ದೆ. ಗಡಿಯಾರ ನೋಡಿದೆ. ಮಾತ್ರೆ ನುಂಗಿ ಎರಡು ಗಂಟೆಯ ಮೇಲೆ ಹತ್ತು ನಿಮಿಷ ಆಗಿತ್ತು. ಕೈ ತೊಳೆದು ಟೀ ಕಾಯಿಸಿ ಎರಡು ಲೋಟಕ್ಕೆ ಹಾಕಿ ತಂದೆ. ಅವಳು ಒಂದು ಗುಟುಕು ಕುಡಿದು ನಿಧಾನವಾಗಿ ನುಂಗಿದಳು.

"ಹೇಗಿದೆ?" ಎಂದೆ.

"ಒಂದನೇ ನಂಬರ್," ಎಂದಳು.

ನನ್ನ ಲೋಟ ಬಾಯಿಗಿಟ್ಟೆ. ಸಕ್ಕರೆ ಹಾಕುವುದನ್ನೇ ಮರೆತಿದ್ದೆ.