ಇಸ್ತ್ರಿ ಬಂಡಿಯ ಮೇಲಿನ ಪೇಟಿ

ಅಂಬುಬಾಯಿ ಹಾರ್ಮೋನಿಯಂ ಪೇಟಿ ಬಾರಿಸಿದರೆ ಹುಸೇನ್ ಸಾಗರದ ಮೀನುಗಳು ತಾಳ ಹಾಕುತ್ತಿದ್ದವಂತೆ. ಹಾಗಂತ ಅವರೇ ಹೇಳುತ್ತಿದ್ದರು. ಸ್ವಾತಂತ್ರ್ಯ ದಿನದ ಸಂಜೆ, ಗುಲಬರ್ಗಾದ ತವರಿನಿಂದ ಆಗಷ್ಟೇ ಬಂದಿದ್ದ ಕೆಳಗಿನ ಮನೆಯ ಕಮಲಾಕ್ಷಿಗೂ ಅದನ್ನೇ ಹೇಳಿದರು.

"ಅದರಾಗ ಅರ್ಧ ಸುಳ್ಳ ಐತಿ ಬಿಡವ್ವಾ. ಮೀನ ಇದ್ದದ್ದು ಖರೆ. ಆದ್ರ ಇವತ್ತ ಮುಂಜಾನಿದ್ದು ಪೂರಾ ಖರೆ. ಕೂಡು, ಹೇಳ್ತೀನಿ."

ಕಮಲಾಕ್ಷಿ ಕೂತಳು. ತಾರ್ನಾಕದ ಆ ಕಾಲೋನಿಯ ಸೆಕ್ರೆಟರಿ ರಾಮಕೃಷ್ಣ ಅವಳ ಗಂಡ. ಗಂಡನ ಫಜೀತಿ ಕೇಳುವುದೆಂದರೆ ಅವಳಿಗೂ ಖುಷಿಯೇ.

ಹಿಂದಿನ ವರ್ಷ ಧ್ವಜ ಏರಿಸಿದಾಗ ಅಂಬುಬಾಯಿಯ ಭಜನಾ ಮಂಡಳಿ ರಾಷ್ಟ್ರಗೀತೆ ನುಡಿಸಿತ್ತು. ಭಜನೆಯಲ್ಲಿ ಮುಂದಿನವರು ಹೇಳಿದ ಸಾಲನ್ನು ಹಿಂದಿನವರು ಮತ್ತೆ ಹೇಳಬೇಕಲ್ಲ, ಆ ರೂಢಿಗೆ ಬಿದ್ದ ಕೈಗಳು ಪ್ರತಿ ಸಾಲನ್ನೂ ಎರಡೆರಡು ಸಲ ಎಳೆದವು. ಸೆಲ್ಯೂಟ್ ಹೊಡೆದ ಕಾಲೋನಿಯ ಹಿರಿಯ ವಾಸುದೇವರಾಯರ ಕೈ ಇನ್ನೂ ಕೆಳಗಿಳಿದಿಲ್ಲ ಎಂಬುದು ಅಂಬುಬಾಯಿಯದೇ ಲೆಕ್ಕ. ಕೊನೆಗೆ ಅರ್ಧ ಮಂದಿ ನಿಲ್ಲಿಸಿ, ಅರ್ಧ ಮಂದಿ ಮುಂದುವರಿಸಿ, ಮಾನ ಹೋಗಿತ್ತು.

ಹೀಗಾಗಿ ಈ ವರ್ಷ ಟೇಪ್ ರೆಕಾರ್ಡರ್ ಎಂದು ರಾಮಕೃಷ್ಣ ಸಭೆಯಲ್ಲಿ ಸಾರಿದ.

"ರಾಷ್ಟ್ರಗೀತಿ ಅಂದ್ರ ಭಜನಿ ಅಲ್ಲರಿ, ಅಂಬುಬಾಯಾರ. ಮ್ಯಾಲೆ ನೀವು ಕುಂತು ಪೇಟಿ ಬಾರಸ್ತೀರಿ. ಎಲ್ಲಾರೂ ನಿಂತಾಗ ಕುಂದ್ರೂದು ಅವಮಾನ ಅಲ್ಲೇನು?"

"ನಿಂತ ಬಾರಸ್ತೀನಿ."

"ನಿಮ್ಮ ಮೊಣಕಾಲು?"

"ಅವು ನನ್ನ ಮೊಣಕಾಲ. ಅವಕ್ಕ ನೀವು ಸೆಕ್ರೆಟರಿ ಅಲ್ಲ!"

ಸಭೆ ನಕ್ಕಿತು. ರಾಮಕೃಷ್ಣನ ಮುಖ ಕೆಂಪಾಯಿತು. "ನಡುವ ನಿಲ್ಲಿಸದ ಮುಗಿಸ್ರಿ, ಆ ಪೇಟಿ ನಾನ ತಲಿ ಮ್ಯಾಲೆ ಹೊತ್ತು ನಿಮ್ಮ ಮೂರನೇ ಮಾಳಗಿಗೆ ತಂದಿಡ್ತೀನಿ. ನಡುವ ನಿಲ್ಲಿಸಿದ್ರೊ, ಮುಂದಿನ ವರ್ಷದಿಂದ ಮಂಡಳಿ ಹೆಸರ ಎತ್ತಬ್ಯಾಡ್ರಿ."

ಸ್ವರ ಬರೆಯುವುದು ಓದುವುದು ಅಂಬುಬಾಯಿಗೆ ಗೊತ್ತಿರಲಿಲ್ಲ. ಮಂಡಳಿಯ ರೂಢಿ ಮಾತ್ರ ಗೊತ್ತಿತ್ತು, ಅದನ್ನೇ ದುಡಿಸಿಕೊಂಡರು. ಒಂದು ಕಡೆ ತಾವು ಮತ್ತು ಬುಲ್‌ಬುಲ್ ತಂತಿವಾದ್ಯ ನುಡಿಸುವ ಗುಣವತಿ. ಎದುರಿಗೆ ಸುಹಾಸಿನಿಯ ಪಿಟೀಲು, ಶಿವಾನಂದನ ಕೊಳಲು. ಈ ಕಡೆಯವರು ಒಂದು ಸಾಲು ನುಡಿಸಿದರೆ ಆ ಕಡೆಯವರು ಮುಂದಿನ ಸಾಲು.

"ಜವಾಬ ಕೊಡ್ರಿ, ಹೇಳಿದ್ದ ಹೇಳಬ್ಯಾಡ್ರಿ. ಮತ್ತ ಎಲ್ಲಾರೂ ಎರಡೂ ಕಡೆ ಕಲೀರಿ. ಒಬ್ಬರಿಗೆ ಜ್ವರ ಬಂದ್ರ ದೇಶಕ್ಕ ಜ್ವರ ಬರಬಾರದು."

ಈ ದಿನ ಬೆಳಿಗ್ಗೆ ಇಸ್ತ್ರಿಯ ನರಸಿಂಲು ತನ್ನ ಇಸ್ತ್ರಿ ಬಂಡಿಯನ್ನು ಧ್ವಜಕಂಬದ ಮುಂದೆ ತಂದು ನಿಲ್ಲಿಸಿದ. ಪೇಟಿ ಅದರ ಮೇಲೇರಿತು. ಆದರೆ ಸುಹಾಸಿನಿ ಇಲ್ಲ, ಶಿವಾನಂದನೂ ಇಲ್ಲ! ಇಬ್ಬರದೂ ಸರ್ಕಾರಿ ನೌಕರಿ. ಅವರವರ ಆಫೀಸಿನ ಧ್ವಜವಂದನೆಗೆ ಹಾಜರಿ ಕಡ್ಡಾಯ. ತಿಂಗಳಿಡೀ ತಾಲೀಮು ಮಾಡಿದವರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ರಾಮಕೃಷ್ಣ ಟೇಪ್ ರೆಕಾರ್ಡರನ್ನು ಕೂಸಿನಂತೆ ಎತ್ತಿಕೊಂಡು ಬಂದ. "ಅರ್ಧ ಮೇಳನ ಹೋತಲ್ಲರಿ. ಗುಂಡಿ ಒತ್ತಲೇನು?"

"ಆ ಬೆರಳ ಕಿಸೆದಾಗ ಇಟ್ಕೋರಿ," ಎಂದು ಅಂಬುಬಾಯಿ ಗುಣವತಿಯನ್ನು ಎದುರು ಕಡೆಗೆ ಅಟ್ಟಿದರು.

"ನಾ ಒಬ್ಬಾಕೆನ ಏನ್ರಿ, ಅತ್ಯಾ?"

"ಒಬ್ಬಾಕೆ ಅಲ್ಲ. ಆ ಕಡೆ ಪೂರಾ ನೀನ."

ಧ್ವಜ ಬಿಚ್ಚಿ ಹೂವು ಉದುರಿದವು. ಅಂಬುಬಾಯಿ ಬಂಡಿಗೆ ಹೊಟ್ಟೆ ಆನಿಸಿ, ನಿಂತೇ ಮೊದಲ ಸಾಲು ನುಡಿಸಿದರು. ಎದುರಿನಿಂದ ಜವಾಬಿಲ್ಲ. ರಾಮಕೃಷ್ಣನ ಬೆರಳು ಕಿಸೆಯಿಂದ ಹೊರಬಂತು. ಅಂಬುಬಾಯಿ ಆ ಸಾಲನ್ನು ಮತ್ತೆ ನುಡಿಸಲಿಲ್ಲ; ಕೊನೆಯ ಸ್ವರದ ಮೇಲೆ ಬೆರಳೊತ್ತಿ ಹಿಡಿದು, ತಿದಿ ಒತ್ತುತ್ತಲೇ ಗುಣವತಿಯನ್ನು ದಿಟ್ಟಿಸಿದರು.

"ಆಮ್ಯಾಲೆ?" ಕಮಲಾಕ್ಷಿ ಮುಂದಕ್ಕೆ ಸರಿದಳು. "ಗುಣವತಿ ನುಡಿಸಿದಳೊ ಇಲ್ಲೊ?"

ಅಂಬುಬಾಯಿ ಗದ್ದ ಎತ್ತಿ ತಮ್ಮ ಮನೆಯ ಮೂಲೆ ತೋರಿಸಿದರು. ಪೇಟಿ ಅಲ್ಲಿತ್ತು, ಮುಚ್ಚಳದ ಮೇಲೆ ಚೆಂಡುಹೂವಿನ ಎಸಳು ಅಂಟಿಕೊಂಡೇ ಇದ್ದವು.

"ಈ ಮೊಣಕಾಲ ತಗೊಂಡು ಅದನ್ನ ಮೂರ ಮಾಳಗಿ ನಾ ಹತ್ತಿಸಿದೆನೇನು? ನಿನ್ನ ಯಜಮಾನ್ರು ಮಧ್ಯಾಹ್ನದಿಂದ ಕುತ್ತಿಗಿಗೆ ಎಣ್ಣಿ ಹಚ್ಕೊಂಡು ಯಾಕ ಮಲಗ್ಯಾರ? ನೀನ ಹೇಳು ನೋಡೋಣ."